ಬಹುತೇಕ ಧರ್ಮಗಳು ಉಪವಾಸದಂಥ ಕಠಿಣ ವ್ರತಗಳನ್ನು ವಿಧಿಸುವುದೇಕೆ?

ಆತ್ಮಶುದ್ಧಿ, ಪಶ್ಚಾತ್ತಾಪ, ಕರ್ಮಕ್ಷಯ ಎಂದು ಒಂದೊಂದು ಧರ್ಮವೂ ತನ್ನದೇ ಕಾರಣ ನೀಡುತ್ತದೆ. ಸಮಾಜದ ದೃಷ್ಟಿಯಿಂದ ನೋಡಿದರೆ, ಒಟ್ಟಾಗಿ ಕಷ್ಟ ಸಹಿಸುವುದರಿಂದ ಅಪರಿಚಿತರ ನಡುವೆಯೂ ನಂಬಿಕೆ ಬೆಳೆಯುತ್ತದೆ ಎಂಬುದೇ ಮುಖ್ಯ ಉತ್ತರ.

ನಾನು ಭಕ್ತ ಎಂದು ಬಾಯಲ್ಲಿ ಹೇಳಲು ಯಾರಿಗೂ ಏನೂ ಖರ್ಚಾಗುವುದಿಲ್ಲ. ಆದರೆ ಯಹೂದಿಗಳು ಯೋಮ್ ಕಿಪ್ಪುರ್ ದಿನ ಸುಮಾರು 25 ಗಂಟೆ ಅನ್ನ ನೀರು ಬಿಡುವುದಾಗಲಿ, ಜೈನರು ಪರ್ಯೂಷಣದಲ್ಲಿ ದಿನಗಟ್ಟಲೆ ಉಪವಾಸವಿರುವುದಾಗಲಿ ನಿಷ್ಠೆಯಿಲ್ಲದವರಿಗೆ ಸುಲಭವಲ್ಲ. ಆದ್ದರಿಂದ ಅಂಥ ಆಚರಣೆಯನ್ನು ಕಂಡವರು, ಇವನು ನಮ್ಮವನು, ಕೊಟ್ಟ ಮಾತಿಗೆ ತಪ್ಪಲಾರ ಎಂದು ಭರವಸೆ ಇಡುತ್ತಾರೆ. ರಂಜಾನ್ ತಿಂಗಳ ಒಂದು ಸಂಜೆಯನ್ನು ನೆನೆಯಿರಿ: ಬೆಳಗಿನ ಜಾವದಿಂದ ಹನಿ ನೀರನ್ನೂ ಕುಡಿಯದ ನೂರಾರು ಜನ ಸಾಲಾಗಿ ಕುಳಿತು, ಖರ್ಜೂರವನ್ನು ಕೈಯಲ್ಲಿ ಹಿಡಿದು, ಆಜಾನ್ ಕೇಳಿಸುವವರೆಗೆ ಕಾಯುತ್ತಾರೆ. ಅಲ್ಲಿ ಧನಿಕನ ಹಸಿವಿಗೂ ಕೂಲಿಯವನ ಹಸಿವಿಗೂ ವ್ಯತ್ಯಾಸವಿಲ್ಲ, ಮತ್ತು ಆ ಸಮಾನತೆಯನ್ನು ಯಾವ ಉಪದೇಶವೂ ಇಷ್ಟು ಗಾಢವಾಗಿ ಮನಗಾಣಿಸಲಾರದು ಎಂದು ನನಗನ್ನಿಸುತ್ತದೆ.

ಇದು ಬರೀ ಊಹೆಯಲ್ಲ. ಮಾನವಶಾಸ್ತ್ರಜ್ಞ ರಿಚರ್ಡ್ ಸೋಸಿಸ್ ಮತ್ತು ಸಂಗಡಿಗರು 19ನೇ ಶತಮಾನದ ಅಮೆರಿಕದಲ್ಲಿ ಆಸ್ತಿಪಾಸ್ತಿ ಹಂಚಿಕೊಂಡು ಒಟ್ಟಿಗೆ ಬಾಳುತ್ತಿದ್ದ 83 ಸಮುದಾಯಗಳನ್ನು ಪರಿಶೀಲಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಧಾರ್ಮಿಕ ಸಮುದಾಯಗಳ ಪೈಕಿ ಕಟ್ಟುಪಾಡು ಹೆಚ್ಚಿದ್ದವು ಹೆಚ್ಚು ಕಾಲ ಉಳಿದಿದ್ದವು. ಧರ್ಮೇತರ ಸಮುದಾಯಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲ. ನಿಯಮವನ್ನು ಪವಿತ್ರವೆಂದು ಬಗೆದಾಗ ಜನ ಅದರ ಲಾಭನಷ್ಟವನ್ನು ಲೆಕ್ಕ ಹಾಕುವುದಿಲ್ಲ ಎಂಬುದು ಇದಕ್ಕೆ ಅವರು ಸೂಚಿಸಿದ ಕಾರಣ.