ಹಾರ್ಡ್ ಡಿಸ್ಕ್ ಹಾಕಿದರೆ ಮೌಸ್ ಯಾಕೆ ಕುಂಟುತ್ತದೆ?

ಪ್ರಶ್ನೆ: ನಾನು ಯಾದಗಿರಿ ತಾಲೂಕಿನ ಹಳ್ಳಿ ಶಾಲೆಯಲ್ಲಿ ಶಿಕ್ಷಕಿ. ದಿನಾ ಬಸ್ಸಿನಲ್ಲಿ ಓಡಾಟ, ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇರುತ್ತದೆ. ವೈರ್‌ಲೆಸ್ ಮೌಸ್ ತಗೊಂಡು ಇನ್ನೂ ವರ್ಷ ತುಂಬಿಲ್ಲ. ಶಾಲೆಯಲ್ಲಿ ಹಾರ್ಡ್ ಡಿಸ್ಕ್ ಹಾಕಿ ಮಕ್ಕಳಿಗೆ ವಿಡಿಯೊ ತೋರಿಸುವಾಗ ಕರ್ಸರ್ ನಿಂತು ನಿಂತು ಹೋಗುತ್ತದೆ. ಮನೆಯ ಟೇಬಲ್ ಮೇಲಂತೂ ಎಲ್ಲೆಲ್ಲೋ ಜಿಗಿಯುತ್ತದೆ. ಹೊಸದು ತಗೋಬೇಕು. ಬ್ಲೂಟೂತ್ ಇರುವುದು ಒಳ್ಳೆಯದೋ, ಯುಎಸ್‌ಬಿಗೆ ಚುಚ್ಚುವ ರಿಸೀವರ್ ಇರುವುದೋ? ಎಷ್ಟು ದುಡ್ಡು ಹಾಕಬೇಕು?
– ಓದುಗರೊಬ್ಬರು, ಯಾದಗಿರಿ

ಉತ್ತರ: ಅಕ್ಕೋರೇ, ಎರಡು ದಿನ ತಡೆಯಿರಿ. ನೀವು ಹೇಳಿದ್ದು ನೋಡಿದರೆ ಮೌಸ್ ಕೆಟ್ಟಿಲ್ಲ ಅನ್ನಿಸುತ್ತದೆ.

ಮೊದಲು ಶಾಲೆಯ ತೊಂದರೆ. ಆ ಸಣ್ಣ ರಿಸೀವರ್ ಮೌಸ್ ಜೊತೆ ಮಾತಾಡುವುದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ. ಪಕ್ಕದ ಯುಎಸ್‌ಬಿ 3 ಪೋರ್ಟಿಗೆ ಹಾರ್ಡ್ ಡಿಸ್ಕ್ ಹಾಕಿ ವಿಡಿಯೊ ಓಡಿಸಿದಿರಿ ಅಂದರೆ, ಅದರ ವೈರು ಮತ್ತು ಪಿನ್ನಿನಿಂದ ಹೆಚ್ಚುಕಡಿಮೆ ಅದೇ ಅಲೆಗಳಲ್ಲಿ ಗದ್ದಲ ಏಳುತ್ತದೆ. ಜಾತ್ರೆಯಲ್ಲಿ ಮೈಕಿನ ಬುಡಕ್ಕೆ ನಿಂತು ಫೋನಿನಲ್ಲಿ ಮಾತಾಡಿದ ಹಾಗೆ, ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ವರದಿ ಬರೆದಿತ್ತು. ಹಾಗಾಗಿ ರಿಸೀವರನ್ನು ಕಿತ್ತು ಲ್ಯಾಪ್‌ಟಾಪಿನ ಇನ್ನೊಂದು ಪಕ್ಕಕ್ಕೆ ಹಾಕಿ ನೋಡಿ. ಎರಡೂ ಪೋರ್ಟ್ ಒಂದೇ ಪಕ್ಕ ಇದ್ದರೆ ಒಂದು ಮೊಳದ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರು ತಗೊಂಡು ರಿಸೀವರನ್ನು ಅದರ ತುದಿಗೆ ಚುಚ್ಚಿ, ಮೌಸಿನ ಹತ್ತಿರಕ್ಕೇ ತಂದಿಡಿ.

ಇನ್ನು ಮನೆಯದು. ನಿಮ್ಮ ಟೇಬಲ್ ಮೇಲೆ ಗಾಜು ಇದೆ ಅಲ್ವಾ? ನಮ್ಮ ಕಡೆ ಬಹಳ ಮನೆಗಳಲ್ಲಿ ಇರುತ್ತದೆ, ಕೆಳಗೆ ಮಕ್ಕಳ ಫೋಟೊ, ಹಳೆ ಕ್ಯಾಲೆಂಡರಿನ ದೇವರ ಚಿತ್ರ, ಬಾಗಿದ ಒಂದೆರಡು ವಿಸಿಟಿಂಗ್ ಕಾರ್ಡು. ಮೌಸಿನ ಹೊಟ್ಟೆಯಲ್ಲಿ ಒಂದು ದೀಪ, ಒಂದು ಪುಟ್ಟ ಕ್ಯಾಮೆರಾ ಇದೆ. ಅದು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಕೆಳಗಿನ ಮೇಲ್ಮೈಯ ಚಿತ್ರ ತೆಗೆದು, ಹಿಂದಿನದಕ್ಕೆ ಹೋಲಿಸಿ, ಎಷ್ಟು ಸರಿದೆ ಅಂತ ಲೆಕ್ಕ ಹಾಕುತ್ತದೆ. ಗಾಜಿನ ಮೇಲೆ ಹಿಡಿಯಲು ಗೆರೆಯೂ ಇಲ್ಲ, ಕಲೆಯೂ ಇಲ್ಲ, ಲೆಕ್ಕ ತಪ್ಪುತ್ತದೆ. ನಾನು ಕಲಬುರಗಿಯ ನಮ್ಮ ಮನೆಯಲ್ಲಿ ಶಹಾಬಾದ್ ಕಲ್ಲಿನ ಕಟ್ಟೆ ಮೇಲೆ ಇಟ್ಟುಕೊಂಡೇ ಕೆಲಸ ಮಾಡುತ್ತೇನೆ. ಪಾಲಿಶ್ ಮಾಡದ ಕಲ್ಲು, ಸಣ್ಣ ಸಣ್ಣ ಉಬ್ಬುತಗ್ಗು ಇರುವುದರಿಂದ ಮೌಸ್ ಸರಾಗವಾಗಿ ಓಡುತ್ತದೆ, ಆದರೆ ಅಡಿಯ ನುಣುಪಾದ ಪಟ್ಟಿಗಳು ಬೇಗ ಸವೆಯುತ್ತವೆ. ನಿಮ್ಮ ಗಾಜಿನ ಮೇಲೆ ಹಳೆ ನೋಟ್‌ಬುಕ್ಕಿನ ರಟ್ಟು ಇಟ್ಟರೂ ಸಾಕು. ಹಾಗೇ ಮೌಸ್ ತಿರುಗಿಸಿ ದೀಪದ ತೂತನ್ನೊಮ್ಮೆ ನೋಡಿ. ಬಸ್ಸಿನ ಧೂಳು, ಬ್ಯಾಗಿನೊಳಗಿನ ಎಳೆ, ಒಂದು ಕೂದಲು ಸಿಕ್ಕಿಕೊಂಡಿದ್ದರೂ ಇದೇ ಕಾಟ.

ಇಷ್ಟಾದರೂ ಸರಿಹೋಗದಿದ್ದರೆ ತಗೊಳ್ಳಿ. ದಿನಾ ಹೊತ್ತು ತಿರುಗುವ ನಿಮಗೆ ನಾನು ಹೇಳುವುದು ಬ್ಲೂಟೂತ್ ಮತ್ತು ರಿಸೀವರ್ ಎರಡೂ ಇರುವ ಮೌಸ್. ಬ್ಲೂಟೂತ್ ಕೂಡ 2.4ರಲ್ಲೇ ಓಡುತ್ತದೆ, ಆದರೆ ಅದರ ಆಂಟೆನಾ ಲ್ಯಾಪ್‌ಟಾಪಿನ ಒಳಗಿದ್ದು ಪೋರ್ಟಿನಿಂದ ದೂರ ಇರುವುದರಿಂದ ಹಾರ್ಡ್ ಡಿಸ್ಕಿನ ಕಾಟ ಸಾಮಾನ್ಯವಾಗಿ ಕಡಿಮೆ. ಪೋರ್ಟೂ ಉಳಿಯುತ್ತದೆ. ಶಾಲೆಯ ಹಳೆ ಕಂಪ್ಯೂಟರಿನಲ್ಲಿ ಬ್ಲೂಟೂತ್ ಇಲ್ಲದಿದ್ದರೆ ರಿಸೀವರ್ ಕೈಗೆ ಬರುತ್ತದೆ. ಆ ರಿಸೀವರ್ ಉಗುರಿನಷ್ಟು ಇರುತ್ತದೆ, ಕಳೆಯಿತು ಅಂದರೆ ಅಗ್ಗದ ಮೌಸುಗಳಲ್ಲಿ ಹೆಚ್ಚಿನವು ಸುಮ್ನೆ ಪ್ಲಾಸ್ಟಿಕ್ ತುಂಡು. ಅದನ್ನು ಇಡಲು ಮೌಸಿನ ಒಳಗೇ ಗೂಡು ಇದೆಯಾ, ಕೆಳಗೆ ಆನ್-ಆಫ್ ಬಟನ್ ಇದೆಯಾ, ಎರಡನ್ನೂ ಅಂಗಡಿಯಲ್ಲೇ ನೋಡಿ.

ಆಕಾರದ ವಿಷಯದಲ್ಲಿ ಅವಸರ ಬೇಡ. ಲಾಜಿಟೆಕ್ ಪೆಬಲ್ ಎಂ350 ಥರದ ಚಪ್ಪಟೆ ಮೌಸ್ ಬ್ಯಾಗಿನ ಜೇಬಿಗೆ ಚೆನ್ನ, ಸದ್ದಿಲ್ಲ, ಎರಡೂ ಸಂಪರ್ಕ ಇವೆ. ಆದರೆ ಪ್ರಶ್ನೆಪತ್ರಿಕೆ, ಅಂಕಪಟ್ಟಿ ಅಂತ ಮೂರ್ನಾಲ್ಕು ಗಂಟೆ ಕೂತರೆ ಅಂಗೈಗೆ ಆಸರೆ ಸಿಗದೆ ಮಣಿಕಟ್ಟು ನೋಯುತ್ತದೆ. ನೀವು ಹಾಗೆ ಕೂರುವವರಾದರೆ ಬೆನ್ನು ಸ್ವಲ್ಪ ಉಬ್ಬಿದ್ದನ್ನೇ ಆರಿಸಿ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಬಂದಾಗ ಡಬ್ಬಿ ಬಿಚ್ಚಿಸಿ, ಕೈಯಲ್ಲಿ ಹಿಡಿದು, ಚಕ್ರ ತಿರುಗಿಸಿ ನೋಡಿ. ಫೋಟೊ ನೋಡಿ ತರಿಸಿದ ಮೌಸ್ ಕೈಗೆ ಒಗ್ಗುತ್ತದೆ ಅಂತ ಯಾರೂ ಹೇಳಲಾರರು.

ಡಿಪಿಐ ಅಂದರೆ ಮೌಸ್ ಒಂದು ಇಂಚು ಸರಿದರೆ ಕರ್ಸರ್ ಎಷ್ಟು ದೂರ ಓಡುತ್ತದೆ ಅನ್ನುವ ಅಳತೆ. ಅದು 3200, 4000 ಅಂತ ಡಬ್ಬಿ ಮೇಲೆ ಬರೆದಿದ್ದಕ್ಕೆ ದುಡ್ಡು ಜಾಸ್ತಿ ಕೊಡಬೇಡಿ. ನಿಮ್ಮ ಕೆಲಸಕ್ಕೆ 1000 ಸಾಕು. ಎರಡೂ ಸಂಪರ್ಕದ ಒಳ್ಳೆಯ ಮೌಸಿಗೆ ಸಾವಿರ ರೂಪಾಯಿ ಆಚೀಚೆ ಇಟ್ಟುಕೊಳ್ಳಿ.

ಸೆಲ್ ವಿಷಯ: ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ ಒಂದು ಹಿಡಿಯುವಂಥದ್ದು ನನಗೆ ಇಷ್ಟ. ತಿಂಗಳುಗಟ್ಟಲೆ ಬರುತ್ತದೆ, ಮುಗಿದರೆ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಬೇಸಿಗೆ ರಜೆಗೆ ಮುಚ್ಚಿಡುವಾಗ ಮಾತ್ರ ಸೆಲ್ ತೆಗೆದಿಡಿ. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ಲ, 42 ಡಿಗ್ರಿ ದಾಟುತ್ತದೆ. ಹಾಗೇ ಬಿಟ್ಟ ಸೆಲ್ ಸೋರಿ, ಒಳಗಿನ ಸ್ಪ್ರಿಂಗಿಗೆ ಬಿಳಿ ಪುಡಿ ಹತ್ತಿ, ಮೌಸೇ ಹಾಳಾಗಿದ್ದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಪ್ರಶ್ನೆ: ನನ್ನ ಮಗಳು ಎಡಚಿ. ಕಾಲೇಜಿಗೆ ಲ್ಯಾಪ್‌ಟಾಪ್ ಕೊಡಿಸಿದ್ದೇವೆ. ಎಡಗೈಗೆ ಬೇರೆ ಮೌಸ್ ಬೇಕಾ?
– ಓದುಗರೊಬ್ಬರು, ಬೀದರ್

ಉತ್ತರ: ಬೇಡ. ಎರಡೂ ಬದಿ ಒಂದೇ ಥರ ಇರುವ ಮೌಸ್ ತಗೊಳ್ಳಿ, ಹೆಬ್ಬೆರಳಿಗೆ ಅಂತ ಒಂದೇ ಪಕ್ಕ ತಗ್ಗು ಮಾಡಿದ್ದು ಬೇಡ. ವಿಂಡೋಸ್ 11ರ ಸೆಟ್ಟಿಂಗ್ಸ್ ತೆರೆದು, ಬ್ಲೂಟೂತ್ ಆ್ಯಂಡ್ ಡಿವೈಸಸ್ ಒಳಗೆ ಮೌಸ್‌ಗೆ ಹೋದರೆ ಮೊದಲ ಸಾಲಿನ ಹತ್ತಿರವೇ ಪ್ರೈಮರಿ ಮೌಸ್ ಬಟನ್ ಅಂತ ಇದೆ, ಅಲ್ಲಿ ಬಲಕ್ಕೆ ಬದಲಾಯಿಸಿ. ಆದರೆ ಮೊದಲು ಮಗಳನ್ನೇ ಕೇಳಿ. ಎಷ್ಟೋ ಎಡಚರು ಶಾಲೆಯ ಕಂಪ್ಯೂಟರಿನಲ್ಲೇ ಬಲಗೈ ರೂಢಿ ಮಾಡಿಕೊಂಡಿರುತ್ತಾರೆ, ಅವಳಿಗೆ ಅದೇ ಸಲೀಸಾಗಿದ್ದರೆ ಹಾಗೇ ಬಿಡಿ.