ಕೇಳದೆ ಮಾಡಿದ ತ್ಯಾಗ

(ಹೆಸರು, ಕೆಲಸ, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.)

ನನ್ನ ಬಳಿ ಆಪ್ತಸಲಹೆಗೆಂದು ವಿದ್ಯಾ ಬಂದು ಕೂತವಳೇ ಬ್ಯಾಗಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಕೊನೆಯ ಪುಟಗಳ ನಡುವೆ ಬಸ್ ಟಿಕೆಟ್ ಸಿಕ್ಕಿಸಿದ್ದಳು. "ಮೇಡಂ, ನನ್ನ ಕಥೆ ಇದರಲ್ಲೇ ಇದೆ" ಎಂದಳು.

ರ‍್ಯಾಡ್‌ಕ್ಲಿಫ್ ಹಾಲ್ ಬರೆದ 'ದಿ ವೆಲ್ ಆಫ್ ಲೋನ್ಲಿನೆಸ್'. ನಾನೂ ಓದಿದ್ದೇನೆ. ತುಂಬ ಉದ್ದ, ಕೆಲವು ಕಡೆ ಆಕಳಿಕೆ ಬರುತ್ತದೆ. ಆದರೂ ಕೊನೆ ಮನಸ್ಸಿನಿಂದ ಹೋಗುವುದಿಲ್ಲ.

ವಿದ್ಯಾಳ ವಯಸ್ಸು 28. ರೇಖಾ ಜೊತೆ ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಒಂದೇ ಮನೆ. ಇಬ್ಬರೂ ಪ್ರೇಮಿಗಳು, ಆದರೆ ಓನರ್ ಕಣ್ಣಿಗೆ ರೂಮ್‌ಮೇಟ್‌ಗಳು. ಈಗ ರೇಖಾಗೆ ಗಂಡು ನೋಡುತ್ತಿದ್ದಾರೆ, ಹುಡುಗ ಒಳ್ಳೆಯವನಂತೆ. ಮೂರು ವಾರದಿಂದ ವಿದ್ಯಾ ಬೇಕಂತಲೇ ತಡವಾಗಿ ಮನೆಗೆ ಹೋಗುತ್ತಿದ್ದಾಳೆ. ಆಫೀಸಿನ ಇನ್ನೊಬ್ಬಳ ಹೆಸರನ್ನು ಮಾತುಮಾತಿಗೂ ಎತ್ತುತ್ತಾಳೆ. ರೇಖಾಗೆ ಬೇಜಾರಾಗಿ ಬಿಟ್ಟು ಹೋಗಲಿ, ಮದುವೆಯಾಗಿ ಸುಖವಾಗಿರಲಿ ಅಂತ. "ನಾನು ಅವಳ ಬದುಕಿಗೆ ವಿಷ ಆಗ್ಬಾರ್ದು ಮೇಡಂ."

ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ. ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಬರೆದುಕೊಟ್ಟೆ.

ಕಾದಂಬರಿಯ ಸ್ಟೀಫನ್ ಮಾಡುವುದೂ ಇದನ್ನೇ. ಸ್ಟೀಫನ್ ಅಂದರೆ ಹೆಣ್ಣು. ಗಂಡು ಮಗು ಬೇಕೆಂದಿದ್ದ ಅಪ್ಪ ಅಮ್ಮ ಇಟ್ಟ ಹೆಸರು ಅದು. ಮೊದಲ ಮಹಾಯುದ್ಧದಲ್ಲಿ ಆಂಬುಲೆನ್ಸ್ ಓಡಿಸುವಾಗ ಮೇರಿ ಸಿಗುತ್ತಾಳೆ. ಕೊನೆಗೆ, ಮೇರಿ ಒಬ್ಬ ಗಂಡಸಿನ ಜೊತೆ ನೆಮ್ಮದಿಯಾಗಿರಲಿ ಎಂದು, ಬೇರೊಬ್ಬಳ ಜೊತೆ ಸಂಬಂಧವಿದೆ ಅಂತ ನಾಟಕ ಆಡುತ್ತಾಳೆ.

ವಿದ್ಯಾ ಬಾಯಲ್ಲಿ 'ವಿಷ' ಎಂಬ ಪದ ಬಂದಾಗ ನಾನು ಅಲ್ಲೇ ನಿಂತೆ. 1928ರಲ್ಲಿ ಪುಸ್ತಕ ಬಂದ ಮುಂದಿನ ತಿಂಗಳೇ ಲಂಡನ್ನಿನ ಪತ್ರಿಕೆಯೊಂದರ ಸಂಪಾದಕ ಬರೆದದ್ದೂ ಅದೇ: ಮಕ್ಕಳ ಕೈಗೆ ಈ ಕಾದಂಬರಿ ಕೊಡುವುದಕ್ಕಿಂತ ವಿಷದ ಶೀಶೆ ಕೊಡುವುದೇ ಮೇಲು ಅಂತ. ನವೆಂಬರ್‌ನಲ್ಲಿ ಪುಸ್ತಕ ಅಶ್ಲೀಲ ಅಂತ ಕೇಸು ನಡೆಯಿತು. ವರ್ಜೀನಿಯಾ ವುಲ್ಫ್, ಇ.ಎಂ. ಫಾರ್ಸ್ಟರ್ ಅಂಥ ಲೇಖಕರು ಸಾಕ್ಷಿ ಹೇಳಲು ಬಂದಿದ್ದರು. ಮ್ಯಾಜಿಸ್ಟ್ರೇಟರು ಕೇಳಿಸಿಕೊಳ್ಳಲಿಲ್ಲ. ಪ್ರತಿಗಳನ್ನು ನಾಶ ಮಾಡಲು ಆದೇಶವಾಯಿತು. ಇಂಗ್ಲೆಂಡಿನಲ್ಲಿ ಮತ್ತೆ ಅಚ್ಚಾದದ್ದು 1949ರಲ್ಲಿ. ಅಷ್ಟರಲ್ಲಿ ಹಾಲ್ ತೀರಿಕೊಂಡು ಆರು ವರ್ಷವಾಗಿತ್ತು. ಇಷ್ಟೆಲ್ಲ ಗಲಾಟೆ ಆದರೂ ಪುಸ್ತಕದಲ್ಲಿ ಸ್ಟೀಫನ್, ಮೇರಿ ಒಂದಾದ ರಾತ್ರಿಯ ಬಗ್ಗೆ ಇರುವುದು ಒಂದೇ ಒಂದು ಸಾಲು!

"ಆ ಕಾಲದ ಭಯ ಆ ಕೊನೆಯಲ್ಲಿದೆ. ಅದನ್ನು ನೀವು ಜಾತಕದ ಥರ ಓದ್ತಿದ್ದೀರಿ" ಎಂದೆ. ಬರೆದಾಕೆಯೇ ಹಾಗೆ ಬದುಕಲಿಲ್ಲ. ಸಂಗಾತಿ ಊನಾ ಟ್ರೂಬ್ರಿಜ್ ಜೊತೆ ಸಾಯುವವರೆಗೂ ಇದ್ದರು. ನಡುವೆ ಇನ್ನೊಬ್ಬಳು ಬಂದು ಮೂವರೂ ನೋವುಂಡರು ಅನ್ನುವುದನ್ನೂ ನಾನು ವಿದ್ಯಾಳಿಂದ ಮುಚ್ಚಿಡಲಿಲ್ಲ.

ಆಮೇಲೆ ಒಂದು ಕೆಲಸ ಕೊಟ್ಟೆ. ಸ್ಟೀಫನ್ ಮೇರಿಯನ್ನು ಕೂರಿಸಿಕೊಂಡು "ನಿನಗೇನು ಬೇಕು?" ಎಂದು ಕೇಳುವ ಪುಟ ಹುಡುಕಿ ತನ್ನಿ. ಮುಂದಿನ ವಾರ ಬಂದವಳು ಬಾಗಿಲಲ್ಲೇ ಹೇಳಿದಳು: "ಕೇಳೇ ಇಲ್ಲ ಮೇಡಂ."

ನನ್ನ ಸಲಹೆ ಸರಳ. ಇವತ್ತೇ ನಾಟಕ ನಿಲ್ಲಿಸಿ. ನಡೆದದ್ದನ್ನು ರೇಖಾಗೆ ಹೇಳಿ. ಮದುವೆ ಬೇಕೋ ಬೇಡವೋ ಅನ್ನುವುದು ರೇಖಾ ತೀರ್ಮಾನ, ಅದನ್ನು ನೀವು ತಗೋಬೇಡಿ. ಆ ಹುಡುಗನೂ ಒಬ್ಬ ಮನುಷ್ಯ, ಏನೂ ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳುತ್ತಾನೆ. ಮನೆಯವರಿಗೆ ಹೇಳಲು ಅವಸರ ಬೇಡ. ಆದರೆ ಆಧಾರ್, ಮಾರ್ಕ್ಸ್‌ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಇಬ್ಬರ ಕೈಯಲ್ಲೇ ಇರಲಿ.

ಕಾನೂನನ್ನೂ ಇದ್ದ ಹಾಗೆ ಹೇಳಿದೆ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಂದೇ ಲಿಂಗದ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಸುಪ್ರೀಂ ಕೋರ್ಟ್ ಕೊಡಲಿಲ್ಲ. 'ಸರಿ ಮಾಡಿಸ್ತೀವಿ' ಅಂತ ಯಾರಾದರೂ ಡಾಕ್ಟರ್ ಬಳಿ ಕರೆದೊಯ್ದರೆ ಒಪ್ಪಬೇಡಿ, ಇದು ಕಾಯಿಲೆ ಅಲ್ಲ. ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ನಾಲ್ಕನೇ ಸಲ ಇಬ್ಬರೂ ಬಂದರು. ರೇಖಾ ಸಿಟ್ಟಲ್ಲಿದ್ದಳು. "ಮೂರು ವಾರ ಚಪಾತಿ ಮಾಡಿಟ್ಕೊಂಡು ಕಾದಿದ್ದೀನಿ ಮೇಡಂ. ಒಣಗಿ ಹಪ್ಪಳ ಆಗ್ತಿತ್ತು. ನನಗೆ ಒಳ್ಳೇದಾಗ್ಲಿ ಅಂತಂತೆ! ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ಇವಳಿಗೆ?" ವಿದ್ಯಾ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ತಲೆ ತಗ್ಗಿಸಿ ಕೂತಿದ್ದಳು. ನಾನೂ ಸುಮ್ನಿದ್ದೆ. ಆ ಬೈಗುಳ ಅವಳಿಗೆ ಸಲ್ಲಬೇಕಾದದ್ದೇ, ಅಲ್ವಾ?

ಈ ಹುಡುಗ ಬೇಡ ಅಂತ ರೇಖಾ ಮನೆಯಲ್ಲಿ ಹೇಳಿಬಿಟ್ಟಿದ್ದಾಳೆ. ಕಾರಣ ಹೇಳಿಲ್ಲ. ಅಮ್ಮ ಫೋನ್ ಮಾಡುವುದನ್ನು ಬಿಟ್ಟಿದ್ದಾರೆ. ಅಕ್ಕ ಮಾತ್ರ ಮಾಡುತ್ತಾಳೆ. ಅಕ್ಕನಿಗೆ ಹೇಳಬಹುದಾ, ಹೇಗೆ ಹೇಳೋದು ಅನ್ನುವುದು ಮುಂದಿನ ಭೇಟಿಗೆ ಇಟ್ಟುಕೊಂಡ ವಿಷಯ.