ಕೆರೆ ಏರಿ ಮೇಲೆ ನಿಂತಿದ್ದ ಅಜ್ಜ

ಪ್ರಶ್ನೆ: ನಮ್ಮವ್ವನಿಗೆ 64 ವರ್ಷ. ಎರಡು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೆಯಲ್ಲೇ ಹೃದಯ ನಿಂತುಹೋಗಿತ್ತು. ಎದೆ ಒತ್ತಿ, ಶಾಕ್ ಕೊಟ್ಟು ಉಳಿಸಿದರು, ಸ್ಟೆಂಟ್ ಹಾಕಿದ್ದಾರೆ. ಮನೆಗೆ ಬಂದ ಮೇಲೆ ಒಂದೇ ಮಾತು: "ಸೂಳೆಕೆರೆ ಏರಿ ಮ್ಯಾಲೆ ನಡಕೊಂಡು ಹೋಗ್ತಿದ್ದೆ, ಬೆಳಕು ಹಾಲು ಚೆಲ್ಲಿದಂಗಿತ್ತು. ನಿಮ್ಮಜ್ಜ ಹೆಗಲಿಗೆ ಕಂಬಳಿ ಹಾಕ್ಕೊಂಡು ನಿಂತಿದ್ದ. ನಿನಗಿನ್ನೂ ಹೊತ್ತಾಗಿಲ್ಲ, ಮನೀಗೆ ಹೋಗು ಅಂದ." ಅಜ್ಜ ತೀರಿಕೊಂಡು 30 ವರ್ಷವಾಯ್ತು. ಇದೆಲ್ಲ ಇಂಜೆಕ್ಷನ್ ಅಮಲು ಅಂತ ಅಣ್ಣ ಬೈತಾನೆ. ಅವ್ವ ಮಾತ್ರ ಸಾಯೋದಕ್ಕೆ ಹೆದರಿಕೆಯೇ ಇಲ್ಲ, ಮಾತ್ರೆ ಯಾಕೆ ಬೇಕು ಅಂತಾಳೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಮೊದಲು ನಿಮ್ಮಣ್ಣನಿಗೆ ಬೈಯೋದು ನಿಲ್ಲಿಸಲು ಹೇಳಿ. ನಿಮ್ಮವ್ವ ಸುಳ್ಳು ಹೇಳುತ್ತಿಲ್ಲ, ತಲೆಯೂ ಕೆಟ್ಟಿಲ್ಲ. ಹೃದಯ ನಿಂತು ಬದುಕಿ ಬಂದ 344 ಜನರನ್ನು ನೆದರ್ಲೆಂಡ್ಸ್‌ನ 10 ಆಸ್ಪತ್ರೆಗಳಲ್ಲಿ ಮಾತಾಡಿಸಿದ್ದರು, ಆ ವರದಿ 2001ರಲ್ಲಿ ಬಂತು. ಅವರಲ್ಲಿ 62 ಜನ ಇಂಥದ್ದೇ ಏನೋ ಕಂಡಿದ್ದರು. ಕೊಟ್ಟ ಔಷಧಿಗೂ ಕಂಡದ್ದಕ್ಕೂ ಸಂಬಂಧ ಸಿಗಲಿಲ್ಲ, ಹಾಗಾಗಿ ಎಲ್ಲವನ್ನೂ ಇಂಜೆಕ್ಷನ್ ತಲೆಗೆ ಕಟ್ಟೋದು ಸರಿಯಲ್ಲ.

ಹಾಗಾದರೆ ಅದೇನು? ಮಿದುಳಿನ ಕಡೆಯಿಂದ ಕೆಲವು ಸುಳಿವು ಸಿಕ್ಕಿವೆ. ರಕ್ತ ಕಡಿಮೆಯಾದಾಗ ನೋಟದ ಅಂಚು ಮೊದಲು ಕಪ್ಪಾಗಿ, ನಡುವೆ ಮಾತ್ರ ಬೆಳಕು ಉಳಿಯುತ್ತದೆ. ಯುದ್ಧವಿಮಾನದ ಪೈಲಟ್‌ಗಳನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿದಾಗಲೂ ಹೀಗೇ ಆಗುತ್ತದೆ, ಪ್ರಜ್ಞೆ ತಪ್ಪಿದವರು ಚಿಕ್ಕ ಕನಸು ಕಂಡು ಏಳುತ್ತಾರೆ. ಜಿನೀವಾದಲ್ಲಿ 2002ರಲ್ಲಿ ಮೂರ್ಛೆರೋಗದ ಒಬ್ಬ ಹೆಂಗಸಿನ ಮಿದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ಕರೆಂಟ್ ಕೊಟ್ಟಾಗ, ತನ್ನ ಮೈಯನ್ನು ತಾನೇ ಮೇಲಿನಿಂದ ನೋಡುತ್ತಿದ್ದೇನೆ ಅಂದಳು. ಇನ್ನು ಅಮೆರಿಕದ ಮಿಷಿಗನ್‌ನಲ್ಲಿ 2013ರಲ್ಲಿ ಇಲಿಗಳ ಹೃದಯ ನಿಂತ ಮೇಲೂ ಮಿದುಳಿನ ಅಲೆಗಳು ಅರ್ಧ ನಿಮಿಷ ಜೋರಾದದ್ದು ಕಂಡಿತು. 2023ರಲ್ಲಿ ಅದೇ ತಂಡ, ಉಸಿರಿನ ಯಂತ್ರ ತೆಗೆದ ನಾಲ್ವರು ರೋಗಿಗಳಲ್ಲಿ ಇಬ್ಬರಿಗೆ ಹಾಗಾದದ್ದನ್ನು ದಾಖಲಿಸಿತು. ಆ ಇಬ್ಬರು ಏನು ಕಂಡರು ಅಂತ ಹೇಳಲು ಉಳಿಯಲಿಲ್ಲ. ನಿಮ್ಮವ್ವ ಉಳಿದಿದ್ದಾಳೆ, ಆದರೆ ಆ ಹೊತ್ತಿನಲ್ಲಿ ಅವಳ ತಲೆಗೆ ವೈರ್ ಹಾಕಿರಲಿಲ್ಲ. ಹೃದಯ ನಿಂತಾಗಲೇ ಕಂಡಳೋ, ಎಚ್ಚರ ಬರುವಾಗ ಕಂಡಳೋ, ಅದು ಅವಳಿಗೂ ಗೊತ್ತಾಗೋದಿಲ್ಲ. ನನ್ನ ಮಟ್ಟಿಗೆ ಇದು ಮಿದುಳಿನದೇ ಕೆಲಸ.

ಆದರೆ ಏರಿ ಯಾಕೆ, ಕಂಬಳಿ ಯಾಕೆ? ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು ಇದೇ. ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಅವರು ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್ಸನ್ ಜೊತೆ 1986ರಲ್ಲಿ, ಸಾವಿನ ಅಂಚಿಗೆ ಹೋಗಿ ಬಂದ ನಮ್ಮ ದೇಶದ 16 ಜನರ ಅನುಭವ ಬರೆದರು. ಇಂಥ ಹೊತ್ತಿನಲ್ಲಿ ಕಂಡೆವು ಅಂತ ಪಶ್ಚಿಮದವರು ಹೇಳುವ ಸುರಂಗ ಇಲ್ಲಿ ಕಾಣಲಿಲ್ಲ. ಇಲ್ಲಿಯವರನ್ನು ಯಮದೂತರು ಕರೆದೊಯ್ಯುತ್ತಾರೆ, ಅಲ್ಲಿ ಲೆಕ್ಕದ ಪುಸ್ತಕ ನೋಡಿ, ಅಯ್ಯೋ ಇವನಲ್ಲ, ಬೇರೆಯವನು ಅಂತ ವಾಪಸ್ ಕಳಿಸುತ್ತಾರೆ! ಮಿದುಳು ಬಾಗಿಲು ತೆರೆದರೂ ಒಳಗಿನ ಸಾಮಾನು ನಾವು ಬದುಕಿದ ಊರಿನದೇ ಅಲ್ವಾ. ನಿಮ್ಮವ್ವನಿಗೆ ಅದು ಕೆರೆ ಏರಿ, ನಿಮ್ಮಜ್ಜನ ಕಂಬಳಿ.

ಹಿರಿಯೂರಿನಲ್ಲಿ ನನ್ನ ಸೋದರಮಾವನಿಗೆ ಹಾವು ಕಚ್ಚಿ, ಎರಡು ದಿನ ಎಚ್ಚರವಿರಲಿಲ್ಲ. ಎದ್ದ ಮೇಲೆ ಏನೋ ಹೇಳಲು ಶುರುಮಾಡಿದ, ಪಡಸಾಲೆಯಲ್ಲಿ ಕೂತಿದ್ದ ನಾವೆಲ್ಲ ನಕ್ಕುಬಿಟ್ಟೆವು. ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಎದ್ದು ಹೋದ. ಆಮೇಲೆ ನಾನೇ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ, ಸಾಯುವ ತನಕ. ನೀವು ಹಾಗೆ ಮಾಡಬೇಡಿ. ಪಕ್ಕದಲ್ಲಿ ಕೂತು ಪೂರ್ತಿ ಕೇಳಿ, ಅವಳ ಮಾತಿನಲ್ಲೇ ಬರೆದಿಡಿ.

ಹೆದರಿಕೆ ಹೋದದ್ದಕ್ಕೆ ಗಾಬರಿ ಬೇಡ. ಆ ನೆದರ್ಲೆಂಡ್ಸ್ ರೋಗಿಗಳನ್ನು 8 ವರ್ಷದ ನಂತರ ಮತ್ತೆ ಕೇಳಿದಾಗಲೂ ಇಂಥದ್ದು ಕಂಡವರಿಗೆ ಸಾವಿನ ಭಯ ಕಡಿಮೆಯೇ ಇತ್ತು. ಮಾತ್ರೆ ಬಿಡೋದು ಮಾತ್ರ ಬೇರೆ ವಿಷಯ. ಸ್ಟೆಂಟ್ ಹೊಸದು, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ತಾನಾಗಿ ನಿಲ್ಲಿಸಿದರೆ ಅದರೊಳಗೇ ಹೆಪ್ಪುಗಟ್ಟಿ ಮತ್ತೆ ಅಟ್ಯಾಕ್ ಆಗಬಹುದು. ಊಟ, ನಿದ್ದೆ ಬಿಟ್ಟು ಸುಮ್ನೆ ಕೂರುತ್ತಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ. ಅವ್ವ ಒಪ್ಪದಿದ್ದರೆ, ಅಜ್ಜ ಮನೆಗೆ ಹೋಗು ಅಂತ ಕಳಿಸಿದ್ದನ್ನು ನೆನಪು ಮಾಡಿ, ರೊಟ್ಟಿ ಊಟ ಆದ ಕೂಡಲೇ ಮಾತ್ರೆ ಕೈಗೆ ಕೊಡಿ.